ಕುರೋದಾ-ಸಾನ್ ಕಾರು ಪಾಸಾದದ್ದು

ಮೊನ್ನೆ ಕೊಂಬಿನಿ ಎಂಬ ಹಗಲುರಾತ್ರಿಯ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೌಂಟರಿನ ಮೇಲಿಟ್ಟು ಕೈಚೀಲದಲ್ಲಿ ಕಾರ್ಡ್ ಹುಡುಕುತ್ತಿದ್ದೆ. ಕಾರ್ಡಿನ ಬದಲು ಗೇಣುದ್ದದ ಕರಿಯ ರಬ್ಬರ್ ಪಟ್ಟಿಯೊಂದು ಕೈಗೆ ಬಂತು. ಅದನ್ನು ತೆಗೆದು ಹಾಲಿನ ಪಕ್ಕದಲ್ಲಿಟ್ಟು ಮತ್ತೆ ಹುಡುಕಿದೆ. ಕೌಂಟರಿನ ಹುಡುಗಿ ಪಟ್ಟಿಯನ್ನು ನೋಡಿ, ನನ್ನನ್ನು ನೋಡಿ, ಇದಕ್ಕೂ ಬಿಲ್ ಮಾಡಬೇಕೆ ಎಂದು ವಿನಯದಿಂದ ಕೇಳಿದಳು. ಬೇಡಮ್ಮ, ಅದು ನಮ್ಮ ಕಾರಿನ ಮಡ್‌ಗಾರ್ಡಿನದು ಎಂದೆ. ಅವಳು ತಲೆಬಾಗಿಸಿದಳು. ನನ್ನ ಹಿಂದೆ ಸಾಲು ಬೆಳೆದಿತ್ತು. ಜಪಾನಿನಲ್ಲಿ ಸಾಲಿನಲ್ಲಿ ನಿಂತವರು ಗೊಣಗುವುದಿಲ್ಲ. ಗೊಣಗುತ್ತಿಲ್ಲ ಎನ್ನುವುದು ನಮಗೆ ಕೇಳಿಸುವ ಹಾಗೆ ನಿಲ್ಲುತ್ತಾರೆ.

ನೀವು ಕಾರು ಕೊಂಡವರಾಗಿದ್ದರೆ ಅದರ ಮಡ್‌ಗಾರ್ಡಿನ ಅಂಚಿನ ಬಗ್ಗೆ ಒಂದು ದಿನವೂ ಯೋಚಿಸಿರಲಾರಿರಿ. ನಾನು ಕಾರು ಕೊಂಡವಳಲ್ಲ, ಕಟ್ಟಿದವಳು. ಅಂದರೆ, ಕಟ್ಟುವಾಗ ಪಕ್ಕದಲ್ಲಿದ್ದವಳು.

ನಾನು ಮೈಸೂರಿನವಳು, ಹೆಸರು ಶೈಲಾ. ಮಿನಾಟೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಮನೆಯಲ್ಲಿ ಅದೇ ಕೆಲಸವನ್ನು ಉಚಿತವಾಗಿ ಮಾಡುತ್ತೇನೆ ಎಂದು ನನ್ನ ಗಂಡ ಗಿರೀಶನ ಅಂಬೋಣ. ನಾವು, ನಮ್ಮ ಮಗಳು ಅನಘಾ, ಮೂವರೂ ಇಚಿಕಾವಾದಲ್ಲಿ ಇದ್ದೇವೆ. ನಮ್ಮ ಬೀದಿಯ ಆಚೆಗೆ ಹಣ್ಣಿನ ತೋಟಗಳು. ಹಣ್ಣಿನ ಹೆಸರು ನಾಶಿ. ಬಂದ ಹೊಸತರಲ್ಲಿ ಪಕ್ಕದ ಮನೆಯವರು ಒಂದು ಪೆಟ್ಟಿಗೆ ತಂದು ಬಾಗಿಲಲ್ಲಿ ನಿಂತು "ನಾಶಿ" ಎಂದಾಗ ನನಗೆ ಸ್ವಲ್ಪ ಗಾಬರಿಯಾಗಿತ್ತು.

ಆ ಪಕ್ಕದ ಮನೆಯವರೇ ಕುರೋದಾ-ಸಾನ್. ಎಪ್ಪತ್ತು ದಾಟಿದ ಹೆಂಗಸು, ನೆಟ್ಟಗಿನ ಬೆನ್ನು, ಬಿಳಿ ಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದು. ಮನೆಯ ಹಿಂದಿನ ಶೆಡ್ಡಿನಲ್ಲಿ ಬಹಳ ವರ್ಷ ಹೊಲಿಗೆ ತರಗತಿ ನಡೆಸಿದವರು. ನಾಶಿಯ ಪೆಟ್ಟಿಗೆಯ ಮೇಲೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಇಟ್ಟುಕೊಂಡು ಬಂದಿದ್ದರು. ನಿಮಗೆ ಇಂಗ್ಲಿಷ್ ಬರುತ್ತದಂತೆ, ಬಿಡುವಾದಾಗ ಇದನ್ನು ಓದಿ ಹೇಳಲು ಆಗುತ್ತದೆಯೇ ಎಂದರು. ಅಡುಗೆ ಪುಸ್ತಕವೋ ಕಾದಂಬರಿಯೋ ಎಂದು ತೆರೆದೆ. ಕಾರು ಜೋಡಿಸುವ ಕೈಪಿಡಿ.

ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹೊಲಿಗೆ ಮಿಷನ್ನುಗಳನ್ನು ಗೋಡೆಗೆ ಸರಿಸಿದ್ದರು. ನಡುವೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಮರದ ಪೆಟ್ಟಿಗೆಗಳು, ಒಂದು ಕಬ್ಬಿಣದ ಅಸ್ಥಿಪಂಜರ, ಮೂಲೆಯಲ್ಲಿ ಗುಜರಿಯಿಂದ ತಂದ ಹಳೆಯ ಎಂಜಿನ್ನು. ಎಲ್ಲ ಸೇರಿದರೆ ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ, ನೆಲಕ್ಕೆ ಹತ್ತಿದಂಥ ಉದ್ದ ಮೂತಿಯ ಕಾರಾಗುತ್ತದೆ ಎಂದು ಚಿತ್ರ ತೋರಿಸಿದರು.

"ಯಾಕೆ?" ಎಂದು ಕೇಳಿಬಿಟ್ಟೆ. ನನ್ನ ಜಪಾನೀ ಭಾಷೆಯಲ್ಲಿ ಅದನ್ನು ಸುತ್ತಿ ಬಳಸಿ ಕೇಳುವಷ್ಟು ಪದಗಳಿರಲಿಲ್ಲ.

ಅವರು ಯೋಚಿಸಿ ಹೇಳಿದರು: "ಸ್ವೆಟರು ಹೆಣೆದು ಮುಗಿಯಿತು."

ಮನೆಗೆ ಬಂದು ಗಿರೀಶನಿಗೆ ವಿಷಯ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಜಪಾನಿಗ್ ಬಂದು ಕಾರ್ ಮಾಡ್ತೀಯಾ? ಇಲ್ಲಿ ಕಾರ್‌ಗೇನ್ ಬರ ಬಂದಿದ್ಯಾ?" ಎಂದ.

"ನಾನ್ ಮಾಡಲ್ಲ. ಓದಿ ಹೇಳ್ತೀನಿ ಅಷ್ಟೇ."

"ಮಾಮಾ, ದೈಜೋಬು?" ಎಂದು ಅನಘಾ ಕೇಳಿದಳು. ಅಮ್ಮ, ನೀನು ಸರಿಯಾಗಿದ್ದೀಯಾ ಎಂದು. ಇಲ್ಲಿ ಬೆಳೆದ ಮಕ್ಕಳು ನಮ್ಮ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು, ಸಂಶಯವನ್ನು ಮಾತ್ರ ಜಪಾನೀಯಲ್ಲಿ ವ್ಯಕ್ತಪಡಿಸುತ್ತವೆ.

ನನಗೆ ಈ ಕೆಲಸದಲ್ಲಿ ಅನುಭವ ಇರಲೇ ಇಲ್ಲ ಎಂದು ಹೇಳುವಂತಿಲ್ಲ. ಮೈಸೂರಿನಲ್ಲಿ ನಮ್ಮ ಅಪ್ಪ ತಿಂಗಳಿಗೊಂದು ಭಾನುವಾರ ಸ್ಕೂಟರನ್ನು ಬಿಚ್ಚುತ್ತಿದ್ದರು. ಅದು ಕೆಟ್ಟಿರುತ್ತಿರಲಿಲ್ಲ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿಕೊಳ್ಳುವುದು ನನ್ನ ಕೆಲಸ. ತಿರುಗಿ ಜೋಡಿಸಿದ ಮೇಲೆ ಪ್ರತಿ ಸಲವೂ ಒಂದು ಬೋಲ್ಟು ಪೇಪರಿನ ಮೇಲೆ ಉಳಿದುಬಿಡುತ್ತಿತ್ತು. ಅಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಕಂಪನಿಯೋರು ಹೆಚ್ಚಿಗೆ ಹಾಕಿರೋದು" ಎಂದು ಡಬ್ಬಿಗೆ ಹಾಕುತ್ತಿದ್ದರು. ಆ ಮೇಲೆ ಸ್ಕೂಟರನ್ನು ಬಲಕ್ಕೆ ವಾಲಿಸಿ, ಗಲಗಲ ಅಲ್ಲಾಡಿಸಿ, ನೆಟ್ಟಗೆ ಮಾಡಿ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗುತ್ತಿತ್ತು. ವಾಹನಗಳ ಬಗ್ಗೆ ನನಗಿದ್ದ ತಾಂತ್ರಿಕ ತಿಳಿವಳಿಕೆ ಇಷ್ಟು.

ಕೈಪಿಡಿಯ ಇಂಗ್ಲಿಷಿನ ಮುಂದೆ ಅದೂ ಸಾಲದಾಯಿತು. ಬಾನೆಟ್ಟನ್ನು ಷಾಸಿಗೆ 'ಆಫರ್ ಅಪ್' ಮಾಡಿ ಎಂದು ಬರೆದಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಸಂಶಯಪಡದೆ, "ಸಮರ್ಪಿಸಬೇಕಂತೆ" ಎಂದು ಅನುವಾದಿಸಿದೆ.

ಕುರೋದಾ-ಸಾನ್ ಬಾನೆಟ್ ಹಿಡಿದುಕೊಂಡು ನಿಂತರು. "ಯಾರಿಗೆ?"

"ಷಾಸಿಗೆ."

ಅವರು ಬಾನೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಸೊಂಟ ಬಾಗಿಸಿ, ಕಬ್ಬಿಣದ ಅಸ್ಥಿಪಂಜರಕ್ಕೆ ನಮಸ್ಕಾರ ಮಾಡಿ, ಅದರ ಮೇಲೆ ಇಟ್ಟರು. ಸರಿಯಾಗಿ ಕೂತಿತು. ಆಮೇಲೆ ಬಾಗಿಲು, ರೇಡಿಯೇಟರು, ಪೆಟ್ರೋಲ್ ಟ್ಯಾಂಕು ಎಲ್ಲವನ್ನೂ ಹಾಗೇ ಸಮರ್ಪಿಸಿದೆವು. ಎಷ್ಟೋ ತಿಂಗಳ ನಂತರ ಅನಘಾ ಇಂಟರ್ನೆಟ್ಟಿನಲ್ಲಿ ಹುಡುಕಿ, ಆ ಮಾತಿಗೆ 'ಜಾಗದಲ್ಲಿ ಹಿಡಿದು ನೋಡುವುದು' ಎಂದಷ್ಟೇ ಅರ್ಥ ಎಂದು ಪತ್ತೆಹಚ್ಚಿದಳು. ನಾಚಿಕೆಯಿಂದ ಹೋಗಿ ಹೇಳಿದೆ. ಕುರೋದಾ-ಸಾನ್ ಆಗ ಸ್ಟೇರಿಂಗ್ ಚಕ್ರ ಹಿಡಿದಿದ್ದರು. "ಪರವಾಗಿಲ್ಲ, ಶೈರಾ-ಸಾನ್. ಅಭ್ಯಾಸವಾಗಿದೆ" ಎಂದು ಬಾಗಿ ನಮಸ್ಕರಿಸಿ ಅದನ್ನೂ ಕೂರಿಸಿದರು. ಅವರ ನಾಲಿಗೆಗೆ ನನ್ನ ಹೆಸರಿನ 'ಲ' ಇವತ್ತಿಗೂ ಹತ್ತಿಲ್ಲ.

ಹೀಗೆ ವಾರಾಂತ್ಯಗಳು ಸೇರಿ ವರ್ಷಗಳಾದವು. ಓದಿ ಹೇಳುತ್ತೇನೆ ಅಷ್ಟೇ ಎಂದವಳ ಉಗುರಿನ ಸಂದಿಯಲ್ಲಿ ಗ್ರೀಸು ಖಾಯಂ ಆಯಿತು. ಕಾರು ಕಾರಿನ ಹಾಗೆ ಕಾಣತೊಡಗಿತು.

ಆ ಚಳಿಗಾಲದಲ್ಲೇ ಅವರು ಪರವಾನಗಿಯ ವಿಷಯ ಹೇಳಿದ್ದು. ಹಿಂದಿನ ವರ್ಷ ತಮ್ಮ ಪುಟ್ಟ ಕಾರನ್ನು ಅಂಗಡಿಯ ಮುಂದೆ ನಿಲ್ಲಿಸುವಾಗ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದ್ದರಂತೆ. ಕಾರು ಹಾರಿ ಅಂಗಡಿಯ ಬೋರ್ಡನ್ನು ಕೆಡವಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪಕ್ಕದ ಸೀಟಿನಲ್ಲಿ ಮೊಮ್ಮಗಳಿದ್ದಳು. ಮಗ ಸೆಂಡಾಯ್‌ನಲ್ಲಿರುತ್ತಾನೆ. ಅವನು ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. ತಾವಾಗಿಯೇ ಆ ಕಾರನ್ನು ಮಾರಿ, ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ ಡ್ರೈವಿಂಗ್ ಲೈಸೆನ್ಸನ್ನು ಪೊಲೀಸರಿಗೆ ಹಿಂತಿರುಗಿಸುತ್ತೇನೆ ಎಂದು ಮಗನಿಗೆ ಮಾತು ಕೊಟ್ಟಿದ್ದರು. ಇಲ್ಲಿ ವಯಸ್ಸಾದವರು ಹಾಗೆ ಮಾಡುವುದುಂಟು.

"ಹುಟ್ಟುಹಬ್ಬ ಯಾವಾಗ?"

"ಏಪ್ರಿಲಿನಲ್ಲಿ."

ಕಾರಿಗೆ ಇನ್ನೂ ಬ್ರೇಕ್ ಪೈಪು ಬಂದಿರಲಿಲ್ಲ.

"ಅಂದರೆ ಅಷ್ಟರೊಳಗೆ ಇದನ್ನು ರಸ್ತೆಗೆ ಇಳಿಸದಿದ್ದರೆ..."

"ಒಮ್ಮೆ ಓಡಿಸಬೇಕು ಅಂತಿದೆ" ಎಂದು ಅವರು ಸ್ಪ್ಯಾನರ್ ಕೈಗೆತ್ತಿಕೊಂಡರು.

ಮನೆಯಲ್ಲಿ ಕಟ್ಟಿದ ಕಾರನ್ನು ಸುಮ್ಮನೆ ರಸ್ತೆಗೆ ಇಳಿಸುವಂತಿಲ್ಲ. ಶಾಕೆನ್ ಎಂಬ ಸರಕಾರಿ ಸುರಕ್ಷತಾ ತಪಾಸಣೆಯಲ್ಲಿ ಅದು ಪಾಸಾಗಬೇಕು. ಅದನ್ನು ನಡೆಸುವ ಸಾರಿಗೆ ಕಚೇರಿ ನಮ್ಮ ಆರ್‌ಟಿಓಗೆ ದೂರದ ನೆಂಟ. ಮುಖಚಹರೆ ಮಾತ್ರ ಸ್ವಲ್ಪವೂ ಹೋಲುವುದಿಲ್ಲ. ಕಾರು ಎಷ್ಟು ತೂಗುತ್ತದೆ, ಎಷ್ಟು ವಾಲಿಸಿದರೆ ಮಗುಚುತ್ತದೆ, ಹೊಗೆಯಲ್ಲಿ ಏನೇನಿದೆ ಎಂದೆಲ್ಲ ಅವರು ಕೇಳಿದರು. ನಾವು ಉತ್ತರಿಸಿದೆವು. ಕೊನೆಗೆ ಮಾರ್ಚಿನಲ್ಲಿ, ಕಾರನ್ನು ತನ್ನಿ ನೋಡೋಣ ಎಂದರು.

ಲಾರಿಯ ಮೇಲೆ ಹೇರಿಕೊಂಡು ಹೋದೆವು. ಹೊರಡುವ ಮುನ್ನ ನಾನು ಕಾರಿನ ಮೂತಿಗೆ ಕುಂಕುಮ ಇಟ್ಟೆ. ನಮ್ಮ ಕಡೆ ಆಯುಧಪೂಜೆಗೆ ಸೈಕಲ್ಲಿನಿಂದ ಹಿಡಿದು ರೋಡ್ ರೋಲರಿನವರೆಗೆ ಎಲ್ಲದಕ್ಕೂ ಇಡುತ್ತೇವೆ ಎಂದು ವಿವರಿಸಿದಾಗ ಕುರೋದಾ-ಸಾನ್ ತಲೆಯಾಡಿಸಿ ಪಕ್ಕಕ್ಕೆ ಸರಿದು ನಿಂತರು. ಗಿರೀಶ ರಜೆ ಹಾಕಿ ಬಂದಿದ್ದ. ಬೆಂಬಲಕ್ಕೋ ಸಾಕ್ಷಿಗೋ ಹೇಳಲಿಲ್ಲ.

ತಪಾಸಣೆ ನಡೆಯುವುದು ಒಂದು ಉದ್ದನೆಯ ಶೆಡ್ಡಿನಲ್ಲಿ. ಕಾರು ಒಂದು ತುದಿಯಲ್ಲಿ ಒಳಹೊಕ್ಕು, ಯಂತ್ರದಿಂದ ಯಂತ್ರಕ್ಕೆ ಸರಿಯುತ್ತ ಇನ್ನೊಂದು ತುದಿಯಲ್ಲಿ ಹೊರಬರಬೇಕು. ನಡೆಸುವವರು ಕುರೋದಾ-ಸಾನ್. ನಾನು ಪಕ್ಕದ ಹಳದಿ ಗೆರೆಯ ಆಚೆ ನಡೆಯುತ್ತ ಹೋದೆ. ಹೆಲ್ಮೆಟ್ ಹಾಕಿದ, ಕೈಯಲ್ಲಿ ಪುಟ್ಟ ಸುತ್ತಿಗೆ ಹಿಡಿದ ಅಧಿಕಾರಿಯೊಬ್ಬರು ಮೊದಲು ಕುಂಕುಮದ ಹತ್ತಿರ ಬಗ್ಗಿದರು.

"ಇದು ತುಕ್ಕೇ?"

"ಅಲ್ಲ. ಸುರಕ್ಷತೆಗಾಗಿ" ಎಂದರು ಕುರೋದಾ-ಸಾನ್.

ಅಧಿಕಾರಿ ಜೇಬಿನಿಂದ ನಿಯಮಗಳ ಪುಸ್ತಕ ತೆಗೆದು ತಿರುವಿದರು. "ನಿಯಮದಲ್ಲಿ ಇಲ್ಲ. ನಿಷೇಧವೂ ಇಲ್ಲ" ಎಂದು ಮುಂದಕ್ಕೆ ಹೋದರು.

ಹಾರನ್ ಹೊಡೆಯಲು ಹೇಳಿದರು. ಶೆಡ್ಡು ನಡುಗುವ ಹಾಗೆ ಹೊಡೆಯಿತು. ನನಗೆ ಹೆಮ್ಮೆಯಾಯಿತು. ಅಧಿಕಾರಿ ಸ್ಟೇರಿಂಗಿನ ನಡುಭಾಗವನ್ನು ದಿಟ್ಟಿಸಿ, "ಹಾರನ್ನಿನ ಗುರುತು ಎಲ್ಲಿ?" ಎಂದರು. ಒತ್ತುವ ಜಾಗದ ಮೇಲೆ ತುತ್ತೂರಿಯ ಚಿತ್ರ ಇರಬೇಕಂತೆ. ಇಲ್ಲದಿದ್ದರೆ ಹಾರನ್ ಎಲ್ಲಿದೆಯೆಂದು ಓಡಿಸುವವರಿಗೆ ಹೇಗೆ ಗೊತ್ತಾಗಬೇಕು? ಚಿತ್ರ ನೋಡಿ ಹಾರನ್ ಹುಡುಕುವವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಅಲ್ಲಿ ಕೈ ಹುಟ್ಟುವುದೇ ಹಾರನ್ನಿನ ಮೇಲೆ.

ಆಮೇಲೆ ವೇಗದ ಪರೀಕ್ಷೆ. ಕಾರಿನ ಚಕ್ರಗಳನ್ನು ನೆಲದಲ್ಲಿ ಹೂತ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ಗಿರ್ರನೆ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಮುಳ್ಳು ನಲವತ್ತಕ್ಕೆ ಬಂದಾಗ ದೀಪ ಮಿನುಗಿಸಬೇಕು. ಎಂಜಿನ್ ಏರಿತು. ದೀಪ ಮಿನುಗಲಿಲ್ಲ. ಇನ್ನೂ ಏರಿತು. ಕುರೋದಾ-ಸಾನ್ ಎರಡೂ ಕೈಯಲ್ಲಿ ಚಕ್ರ ಹಿಡಿದು ಎದುರಿನ ಸಿಮೆಂಟ್ ಗೋಡೆಯನ್ನು ನೋಡುತ್ತ ಕೂತಿದ್ದರು. ಅವರ ಮುಖವನ್ನು ನಾನು ಅಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಅಧಿಕಾರಿ ಹತ್ತಿರ ಹೋಗಿ, "ನಲವತ್ತು ಸಾಕು" ಎಂದು ಮೆತ್ತಗೆ ಹೇಳಿದರು.

"ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಅವರು ತಟ್ಟನೆ ಕಾಲು ತೆಗೆದರು. ಬ್ರೇಕನ್ನೇ ಒತ್ತಿದರು, ಸರಿಯಾಗಿ.

ಅಧಿಕಾರಿ ನೆಲದಲ್ಲಿ ತೋಡಿದ ಗುಂಡಿಗಿಳಿದು ಕಾರಿನ ಹೊಟ್ಟೆಯ ಬೋಲ್ಟುಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿದರು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ. ಅಲ್ಲಿ ತಕರಾರು ಬರಲಿಲ್ಲ. ಮೇಲೆ ಬಂದು ಮಡ್‌ಗಾರ್ಡಿನ ಅಂಚಿನ ಮೇಲೆ ಬೆರಳಾಡಿಸಿದರು. ಚೂಪಾಗಿದೆ, ದಾರಿಹೋಕರಿಗೆ ತಾಗಿದರೆ ಗಾಯವಾಗುತ್ತದೆ ಎಂದರು. ಎಡಗಡೆಯ ಹೆಡ್‌ಲೈಟು ಆಕಾಶ ನೋಡುತ್ತಿದೆ ಎಂದರು. ಫೇಲು.

ನನ್ನ ಬಾಯಿಂದ ಹೊರಟ ಮೊದಲ ಮಾತು, "ಮನೆಯಲ್ಲಿ ಸರಿಯಾಗೇ ಇತ್ತು." ನಮ್ಮ ಆಫೀಸಿನ ಡೆವಲಪರುಗಳು ನನಗೆ ದಿನವೂ ಹೇಳುವ ಮಾತು ಅದು. ಅವರಿಗೆ ನಾನು ಕೊಡುವ ಉತ್ತರವನ್ನು ಅಧಿಕಾರಿ ಕೊಡಲಿಲ್ಲ. ತಲೆಬಾಗಿಸಿದರು, ಅಷ್ಟೇ. ಗಿರೀಶ ಮಾತ್ರ ಪಕ್ಕದಲ್ಲಿ ನಿಂತು, "ಹೇಗನ್ಸುತ್ತೆ?" ಎಂದು ಕೇಳಿದ. ಅವನೂ ಡೆವಲಪರೇ.

ಮರುತಪಾಸಣೆಗೆ ಸಿಕ್ಕ ದಿನ ಕುರೋದಾ-ಸಾನ್ ಹುಟ್ಟುಹಬ್ಬದ ಹಿಂದಿನ ದಿನ. ಆವತ್ತೂ ಫೇಲಾದರೆ ಅವರು ಈ ಕಾರನ್ನು ಓಡಿಸಿದ್ದು ಆ ಉರುಳೆಗಳ ಮೇಲೆ, ಸಿಮೆಂಟ್ ಗೋಡೆಯ ಮುಂದೆ ಮಾತ್ರ ಎಂದಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಲೈಸೆನ್ಸ್ ಒಂದು ತಿಂಗಳು ತಡವಾಗಿ ಕೊಟ್ಟರೆ ಏನಾಗುತ್ತದೆ? ನಿಮ್ಮ ಮಗ ಬೇಡ ಅನ್ನುತ್ತಾರೆಯೇ?"

"ಅನ್ನುವುದಿಲ್ಲ" ಎಂದರು. "ಒಂದು ತಿಂಗಳಾದ ಮೇಲೆ ನಾನೇ ಇನ್ನೊಂದು ತಿಂಗಳು ಅನ್ನುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು."

ಹೆಡ್‌ಲೈಟನ್ನು ಸಂಜೆ ಗೋಡೆಗೆ ಬೆಳಕು ಬಿಟ್ಟು ಸರಿಪಡಿಸಿದೆವು. ಮಡ್‌ಗಾರ್ಡಿನ ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದೆವು. ತುತ್ತೂರಿಯ ಚಿತ್ರವನ್ನು ಮಾರ್ಕರಿನಲ್ಲಿ ಬರೆದರಾಯಿತು ಎಂದೆ ನಾನು. ಕುರೋದಾ-ಸಾನ್‌ಗೆ ಅದು ಸರಿಬರಲಿಲ್ಲ. ಸ್ಟೇರಿಂಗಿನ ನಡುವಿನ ಚರ್ಮವನ್ನು ಬಿಚ್ಚಿ ಒಳಗೆ ಕೊಂಡುಹೋಗಿ, ಬಿಳಿ ದಾರದಲ್ಲಿ ಕಸೂತಿ ಹಾಕಿ ತಂದರು. ತುತ್ತೂರಿಯ ಬಾಯಿಂದ ಸಣ್ಣ ಮೂರು ಗೆರೆ ಹೊರಟಿದ್ದವು. ಶಬ್ದ.

ಎರಡನೆಯ ಸಲ ಅದೇ ಅಧಿಕಾರಿ. ಕಸೂತಿಯನ್ನು ಬಗ್ಗಿ ನೋಡಿದರು. ಉಗುರಿನಿಂದ ಮೀಟಿದರು.

"ಕಿತ್ತು ಬರುವುದಿಲ್ಲ ತಾನೆ?"

"ಈ ಊರಿನ ಶಾಲೆಗಳ ಸಮವಸ್ತ್ರಕ್ಕೆಲ್ಲ ಗುಂಡಿ ಹೊಲಿದವಳು ನಾನು" ಎಂದರು ಕುರೋದಾ-ಸಾನ್. ಅಧಿಕಾರಿ ಒಮ್ಮೆ ತಮ್ಮ ಎದೆಯ ಗುಂಡಿಗಳನ್ನು ನೋಡಿಕೊಂಡರು. ಹಾರನ್ ಪಾಸು.

ಈ ಸಲ ನಲವತ್ತಕ್ಕೆ ಸರಿಯಾಗಿ ದೀಪ ಮಿನುಗಿತು. ಹೆಡ್‌ಲೈಟುಗಳು ಎರಡೂ ನೆಲ ನೋಡಿದವು. ಕೊನೆಗೆ ಮಡ್‌ಗಾರ್ಡು. ಅಧಿಕಾರಿ ಬೆರಳಾಡಿಸುತ್ತ ಬಂದರು. ಹಿಂದಿನ ಎಡಚಕ್ರದ ಮೇಲೆ ಬೆರಳು ನಿಂತಿತು. ಗೇಣುದ್ದದ ರಬ್ಬರ್ ಪಟ್ಟಿ ಅವರ ಕೈಗೆ ಬಂತು.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡು ಚೀಲಕ್ಕೆ ಹಾಕಿದೆ. ಮುಚ್ಚುವ ಹೊತ್ತಿನೊಳಗೆ ಸರಿಮಾಡಿ ತಂದರೆ ಅದೊಂದನ್ನು ಮತ್ತೆ ನೋಡುತ್ತೇನೆ ಎಂದರು. ಗಡಿಯಾರ ನೋಡಿದೆ. ಮುಚ್ಚುವ ಹೊತ್ತಿಗೆ ಬಹಳ ದೂರವಿರಲಿಲ್ಲ.

ಎದುರಿನ ಕೊಂಬಿನಿಗೆ ಓಡಿ, ಕ್ಷಣದಲ್ಲಿ ಅಂಟುತ್ತದೆ ಎಂದು ಬರೆದಿದ್ದ ಗೋಂದು ತಂದೆ. ಕುರೋದಾ-ಸಾನ್ ಹೊಸ ಪಟ್ಟಿ ಕತ್ತರಿಸಿದರು, ನಾನು ಗೋಂದು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಬರೆದದ್ದು ನಿಜ. ಕ್ಷಣದಲ್ಲಿ ಅಂಟಿತು. ಪಟ್ಟಿ ಮಡ್‌ಗಾರ್ಡಿಗೆ, ನನ್ನ ಹೆಬ್ಬೆರಳು ಪಟ್ಟಿಗೆ.

"ಎಳೀ" ಎಂದ ಗಿರೀಶ.

"ಎಳೆದ್ರೆ ಪಟ್ಟಿ ಬರುತ್ತೆ ಕಣೋ!"

ಹೊತ್ತು ಮೀರುತ್ತಿತ್ತು. ಕುರೋದಾ-ಸಾನ್ ಎಂಜಿನ್ ಚಾಲೂ ಮಾಡಿದರು. ಕಾರು ಆಮೆಯ ವೇಗದಲ್ಲಿ ಶೆಡ್ಡಿನತ್ತ ಹೊರಟಿತು. ನಾನು ಸೊಂಟ ಬಗ್ಗಿಸಿಕೊಂಡು, ಮಡ್‌ಗಾರ್ಡ್ ಹಿಡಿದು, ಚೂಡಿದಾರದ ವೇಲು ಚಕ್ರಕ್ಕೆ ಸಿಕ್ಕದ ಹಾಗೆ ಹಲ್ಲಿನಲ್ಲಿ ಕಚ್ಚಿಕೊಂಡು, ಜೊತೆಗೆ ನಡೆದೆ. ಸಾಲಿನಲ್ಲಿದ್ದ ಲಾರಿಗಳವರು ನಮಗೆ ದಾರಿ ಬಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಅಧಿಕಾರಿ ಅಂಚಿನ ಮೇಲೆ ಬೆರಳಾಡಿಸುತ್ತ ಬಂದು ನನ್ನ ಹೆಬ್ಬೆರಳಿನ ಹತ್ತಿರ ನಿಂತರು.

"ಇದು ಕಾರಿನ ಭಾಗವಲ್ಲ ತಾನೆ?"

"ಅಲ್ಲ" ಎಂದೆ, ಹಲ್ಲಿನ ನಡುವಿನಿಂದ.

"ಹಾಗಾದರೆ ತೆಗೆಯಬೇಕಾಗುತ್ತದೆ."

ಎಳೆದುಕೊಂಡೆ. ಪಟ್ಟಿ ಅಲ್ಲೇ ಉಳಿಯಿತು. ಅವರು ಅದನ್ನು ಹಿಡಿದು ಜಗ್ಗಿದರು, ಇನ್ನೊಮ್ಮೆ ಜಗ್ಗಿದರು, ಮುದ್ರೆ ಒತ್ತಿದರು. ನನ್ನ ಹೆಬ್ಬೆರಳಿನ ಒಂದಿಷ್ಟು ಚರ್ಮವೂ ಜಪಾನ್ ಸರಕಾರದ ಸುರಕ್ಷತಾ ತಪಾಸಣೆಯಲ್ಲಿ ಪಾಸಾಗಿದೆ.

ನಂಬರ್ ಪ್ಲೇಟ್ ಬಂತು, ಗಾಜಿನ ಮೇಲೆ ಚೀಟಿ ಬಂತು. ಗಿರೀಶ, "ನಾನ್ ಟ್ರೇನಲ್ಲಿ ಹೋಗ್ತೀನಿ, ನೀವಿಬ್ರೂ ಹೋಗ್ಬನ್ನಿ" ಎಂದು ನನ್ನ ಗಾಯಕ್ಕೆ ಕರವಸ್ತ್ರ ಸುತ್ತಿಕೊಟ್ಟು ಹೊರಟ. ಸ್ವಲ್ಪ ದೂರ ಹೋಗಿ ತಿರುಗಿ, ಫೋನಿನಲ್ಲಿ ಕಾರಿನ ಫೋಟೋ ತೆಗೆದುಕೊಂಡ. ಹಾಗೆ ತೆಗೆದುಕೊಂಡದ್ದು ನನಗೆ ಕಾಣಲಿಲ್ಲ ಎಂದು ಅವನು ಇವತ್ತಿಗೂ ನಂಬಿದ್ದಾನೆ.

ಕುರೋದಾ-ಸಾನ್ ಮನೆಯ ಕಡೆ ತಿರುಗಿಸಲಿಲ್ಲ. ಸಮುದ್ರದ ಕಡೆ ತಿರುಗಿಸಿದರು. ಅಷ್ಟು ತಗ್ಗಿನ ಕಾರಿನಲ್ಲಿ ಕೂತರೆ ರಸ್ತೆ ಸೊಂಟದ ಪಕ್ಕದಲ್ಲೇ ಹರಿಯುತ್ತದೆ, ಬಸ್ಸುಗಳ ಚಕ್ರ ನಮ್ಮ ತಲೆಗೆ ಸಮ. ಗಾಳಿಗೆ ಅವರ ಕೂದಲು ಎದ್ದು ನಿಂತಿತ್ತು. ವೇಗದ ಮಿತಿಯನ್ನು ಒಂದು ಕೂದಲೆಳೆ ಮೀರಲಿಲ್ಲ. ಮಾತೂ ಆಡಲಿಲ್ಲ. ದಡದಲ್ಲಿ ಕಾರು ನಿಲ್ಲಿಸಿ, ಡಬ್ಬಿಯಲ್ಲಿ ತಂದಿದ್ದ ಅನ್ನದುಂಡೆ ತಿಂದೆವು. ಬಿಸಿಲು ಇಳಿಯುವ ಹೊತ್ತಿಗೆ ಅದೇ ರಸ್ತೆಯಲ್ಲಿ ಹಿಂತಿರುಗಿದೆವು.

ಮರುದಿನ ಬೆಳಿಗ್ಗೆ ಅವರೇ ಕಾರು ನಡೆಸಿಕೊಂಡು ಪೊಲೀಸ್ ಠಾಣೆಗೆ ಬಂದರು. ಕರೆದಿದ್ದರೆಂದು ನಾನೂ ಜೊತೆಗಿದ್ದೆ. ಕೌಂಟರಿನಲ್ಲಿ ಲೈಸೆನ್ಸನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು. ಒಳಗಿದ್ದ ಯುವಕ ಎದ್ದು ನಿಂತು, ಇಷ್ಟು ವರ್ಷ ಜಾಗ್ರತೆಯಿಂದ ನಡೆಸಿದ್ದಕ್ಕೆ ಅರಿಗಾತೋ ಎಂದು ತಲೆಬಾಗಿಸಿದ. ಇನ್ನು ಮುಂದೆ ಓಡಾಡಲು ಬಸ್ಸುಗಳ ವಿವರ ಕೊಡುತ್ತ, ಇವತ್ತು ಹೇಗೆ ಬಂದಿರಿ ಎಂದು ಕೇಳಿದ.

"ಕಾರಿನಲ್ಲಿ" ಎಂದರು ಕುರೋದಾ-ಸಾನ್.

ಅವನ ಮುಖ ನೋಡಿ, "ಹೋಗುವಾಗ ಇವರು ನಡೆಸುತ್ತಾರೆ" ಎಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ನನ್ನ ಹತ್ತಿರ ಇಲ್ಲಿನ ಲೈಸೆನ್ಸ್ ಇದ್ದದ್ದೇನೋ ನಿಜ, ಆದರೆ ನಡೆಸುವವಳು ನಾನೆಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ಆ ಕಾರಿನ ಒಂದೊಂದು ಬೋಲ್ಟೂ ನನಗೆ ಪರಿಚಯ. ಅದರ ಚಾಲಕರ ಸೀಟಿನಲ್ಲಿ ಕೂತು ರಸ್ತೆಯನ್ನು ನೋಡಿದ್ದು ಅದೇ ಮೊದಲು. ಕನ್ನಡಿಯನ್ನು ಮೂರು ಸಲ ಸರಿಪಡಿಸಿಕೊಂಡು ಹೊರಟೆ. ಮೊದಲ ಸಿಗ್ನಲ್ಲಿನಲ್ಲಿ ಎಂಜಿನ್ ಆರಿಹೋಯಿತು. ಕುರೋದಾ-ಸಾನ್ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

"ಶೈರಾ-ಸಾನ್, ಇಲ್ಲೊಂದು ಹಲ್ಲಿನ ಆಸ್ಪತ್ರೆ ಇದೆ!" ಎಂದರು. "ಯಾವಾಗ ಬಂತು?"

ಮುಂದೆ ಹೋದಂತೆ, ಈ ಮನೆಯ ಮಹಡಿಯ ಮೇಲೆ ಎಷ್ಟು ಹೂಕುಂಡ ಎಂದರು. ಗೋಡೆಯ ಮೇಲೆ ಮೂರು ಬೆಕ್ಕು ಎಂದರು. ಐವತ್ತು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ, ಇಲ್ಲಿ ಇಷ್ಟು ದೊಡ್ಡ ಮರ ಇರುವುದು ಗೊತ್ತೇ ಇರಲಿಲ್ಲ, ನೋಡಿ, ನೋಡಿ ಎಂದರು. ಕತ್ತನ್ನು ಆ ಕಡೆ ಈ ಕಡೆ ತಿರುಗಿಸುತ್ತ, ಮನೆ ಬರುವವರೆಗೂ ತೋರಿಸುತ್ತಲೇ ಇದ್ದರು.

ನಾನು ಒಂದನ್ನೂ ನೋಡಲಿಲ್ಲ. ರಸ್ತೆ ನೋಡುತ್ತಿದ್ದೆ.